ನ್ಯೂಯಾರ್ಕ್ ಸಬ್‌ವೇಯ ಆ ಭಿತ್ತಿಪತ್ರ: ನ್ಯಾಯಾಲಯ ಮಾಡಿದ್ದು ಸರಿಯೇ?

ಪ್ರಶ್ನೆ: ನ್ಯೂಜೆರ್ಸಿಯ ಓದುಗ

ಮಾನ್ಯರೇ,

2012ರ ಸೆಪ್ಟೆಂಬರ್ ಕೊನೆಯ ವಾರದಲ್ಲಿ ನ್ಯೂಯಾರ್ಕ್ ನಗರದ ಹತ್ತು ಸಬ್‌ವೇ ನಿಲ್ದಾಣಗಳಲ್ಲಿ ಒಂದು ಜಾಹೀರಾತು ಅಂಟಿಸಲ್ಪಟ್ಟಿತು. ನಾಗರಿಕ ಮನುಷ್ಯನಿಗೂ ಅನಾಗರಿಕನಿಗೂ ನಡೆಯುವ ಯಾವುದೇ ಯುದ್ಧದಲ್ಲಿ ನಾಗರಿಕನನ್ನೇ ಬೆಂಬಲಿಸಿ, ಇಸ್ರೇಲನ್ನು ಬೆಂಬಲಿಸಿ, ಜಿಹಾದನ್ನು ಸೋಲಿಸಿ ಎಂಬುದು ಅದರ ಒಕ್ಕಣೆ. ಇದನ್ನು ಹಣ ಕೊಟ್ಟು ಹಾಕಿಸಿದ್ದು ಪಮೇಲಾ ಗೆಲ್ಲರ್ ಅವರ ಸಂಘಟನೆ. 2010ರಲ್ಲಿ ಅವಳಿ ಗೋಪುರಗಳಿದ್ದ ಜಾಗದ ಸಮೀಪ ಇಸ್ಲಾಮಿಕ್ ಕೇಂದ್ರ ಕಟ್ಟುವುದನ್ನು ಮುಂದೆ ನಿಂತು ವಿರೋಧಿಸಿದವರೂ ಅವರೇ.

ಆಗ ನನ್ನ ಕಚೇರಿ ಮ್ಯಾನ್‌ಹಟನ್‌ನಲ್ಲಿತ್ತು. ಭಟ್ಕಳದ ಸಹೋದ್ಯೋಗಿಯೊಬ್ಬರು ದಿನವೂ ನನ್ನ ಜೊತೆಗೇ ಬರುತ್ತಿದ್ದರು. ಅವರದು ಮನೆಯಲ್ಲಿ ಭಟ್ಕಳದ ಮುಸ್ಲಿಮರ ಮಾತಾದ ನವಾಯತಿ, ನನ್ನೊಡನೆ ಕನ್ನಡ. ಟೈಮ್ಸ್ ಸ್ಕ್ವೇರ್ ನಿಲ್ದಾಣದಲ್ಲಿ ನಾವು ಇಳಿದಾಗ ಆ ಭಿತ್ತಿಪತ್ರ ಎದುರಿಗೇ ಇತ್ತು. ಅವರು ನಿಂತು ಅದನ್ನು ಪೂರ್ತಿ ಓದಿದರು, ಏನೂ ಹೇಳಲಿಲ್ಲ, ಹೆಗಲ ಮೇಲಿನ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ಮೆಟ್ಟಿಲು ಹತ್ತಿದರು. ಮರುದಿನದಿಂದ ನಾವು ರೈಲಿನ ಹಿಂದಿನ ಬೋಗಿಯಲ್ಲಿ ಕೂತು ಬೇರೊಂದು ಬಾಗಿಲಿನಿಂದ ಹೊರಗೆ ಹೋಗತೊಡಗಿದೆವು. ಹಾಗೆ ಮಾಡೋಣವೆಂದು ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ನಗರದ ಸಾರಿಗೆ ಸಂಸ್ಥೆ ಈ ಜಾಹೀರಾತನ್ನು ಮೊದಲು ನಿರಾಕರಿಸಿತ್ತು, ನ್ಯಾಯಾಲಯದ ಆದೇಶದಿಂದಾಗಿ ಹಾಕಬೇಕಾಯಿತು ಎಂಬುದನ್ನು ನಾನು ಬಲ್ಲೆ. 2015ರಲ್ಲಿ ಅದೇ ಸಂಸ್ಥೆ ರಾಜಕೀಯ ಜಾಹೀರಾತುಗಳನ್ನೇ ಒಟ್ಟಾರೆ ನಿಲ್ಲಿಸಿಬಿಟ್ಟಿತು. ನನ್ನ ಪ್ರಶ್ನೆ ಇಷ್ಟು. ಒಂದು ಇಡೀ ಸಮುದಾಯಕ್ಕೆ ನೋವಾಗುವ ಮಾತನ್ನು ಸಾರ್ವಜನಿಕ ಸಂಸ್ಥೆಯ ಗೋಡೆಯ ಮೇಲೆ ಹಾಕಲೇಬೇಕೆಂದು ನ್ಯಾಯಾಧೀಶರು ಯಾವ ಆಧಾರದ ಮೇಲೆ ಹೇಳಿದರು? ಮತ್ತು ಎಲ್ಲರ ಬಾಯಿಯನ್ನೂ ಒಟ್ಟಿಗೆ ಮುಚ್ಚಿಸಿದ ಆಮೇಲಿನ ತೀರ್ಮಾನ ಮೊದಲಿನ ಸ್ಥಿತಿಗಿಂತ ಮೇಲೇ? ಕಾನೂನು ಬಲ್ಲವರು, ಅಲ್ಲಿ ಇದ್ದವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಧಾರವಾಡದ ವಕೀಲ

ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ನಮ್ಮಲ್ಲಿ ಈ ಪ್ರಕರಣದ ಬಗ್ಗೆ ಮಾತನಾಡುವವರು ಸಾಮಾನ್ಯವಾಗಿ ಅರ್ಧ ಕಥೆಯನ್ನು ಮಾತ್ರ ಹೇಳುತ್ತಾರೆ.

ಮೊದಲು ನೆನಪಿಡಬೇಕಾದದ್ದು, ಆ ಭಿತ್ತಿಪತ್ರ ಶೂನ್ಯದಿಂದ ಹುಟ್ಟಿದ್ದಲ್ಲ. 2011ರಲ್ಲಿ ಅದೇ ಸಬ್‌ವೇ ನಿಲ್ದಾಣಗಳಲ್ಲಿ, ಅಮೆರಿಕವು ಇಸ್ರೇಲಿಗೆ ಕೊಡುವ ಸೇನಾ ನೆರವನ್ನು ನಿಲ್ಲಿಸಬೇಕೆಂದು ಕೋರುವ ಜಾಹೀರಾತುಗಳನ್ನು ಬೇರೊಂದು ಗುಂಪು ಹಾಕಿಸಿತ್ತು, ಗೆಲ್ಲರ್ ಅವರ ಜಾಹೀರಾತು ಅದಕ್ಕೆ ಪ್ರತ್ಯುತ್ತರವಾಗಿ ಸಲ್ಲಿಕೆಯಾಯಿತು. ಸಾರಿಗೆ ಸಂಸ್ಥೆಯ ನಿಯಮದಲ್ಲಿ, ಜನಾಂಗ, ಧರ್ಮ, ಮೂಲ ದೇಶ ಮುಂತಾದ ಕಾರಣಕ್ಕಾಗಿ ವ್ಯಕ್ತಿಗಳನ್ನು ಅಥವಾ ಗುಂಪುಗಳನ್ನು ಹೀನಾಯವಾಗಿ ಕಾಣುವ ಜಾಹೀರಾತುಗಳಿಗೆ ಅವಕಾಶವಿಲ್ಲ ಎಂದಿತ್ತು. ಆ ನಿಯಮದ ಅಡಿಯಲ್ಲಿಯೇ ನಿರಾಕರಣೆಯಾಯಿತು.

2012ರ ಜುಲೈನಲ್ಲಿ ನ್ಯಾಯಾಧೀಶ ಪಾಲ್ ಎಂಗೆಲ್‌ಮೇಯರ್ ಅವರು ನೋಡಿದ್ದು ಆ ಮಾತು ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನಲ್ಲ, ನಿಯಮದ ರಚನೆಯನ್ನು. ಸಂಸ್ಥೆ ತನ್ನ ಗೋಡೆಗಳನ್ನು ರಾಜಕೀಯ ವಾದಗಳಿಗೆ ತೆರೆದಿಟ್ಟಿತ್ತು. ತೆರೆದ ಮೇಲೆ, ಒಬ್ಬನ ರಾಜಕೀಯ ನಿಲುವನ್ನೋ ವೃತ್ತಿಯನ್ನೋ ಹೀನಾಯವಾಗಿ ಬೈದರೆ ಸರಿ, ಧರ್ಮದ ಹೆಸರಿನಲ್ಲಿ ಬೈದರೆ ತಪ್ಪು ಎಂದು ಸರ್ಕಾರಿ ಸಂಸ್ಥೆಯೇ ವಿಂಗಡಿಸುವುದು ಮಾತಿನ ಒಳಗಿನ ವಿಷಯವನ್ನು ನೋಡಿ ನಿರ್ಬಂಧಿಸಿದಂತೆ ಆಗುತ್ತದೆ. ವಾಕ್ ಸ್ವಾತಂತ್ರ್ಯವನ್ನೂ ಧಾರ್ಮಿಕ ಸ್ವಾತಂತ್ರ್ಯವನ್ನೂ ಕಾಯುವ ಅಮೆರಿಕದ ಸಂವಿಧಾನದ ಮೊದಲನೆಯ ತಿದ್ದುಪಡಿ ಅದಕ್ಕೆ ಬಿಡುವುದಿಲ್ಲ. ರಾಜಕೀಯ ಅಭಿಪ್ರಾಯಕ್ಕೆ ಅಲ್ಲಿ ಅತಿ ಹೆಚ್ಚಿನ ರಕ್ಷಣೆ ಇದೆ. 1969ರಿಂದ ಅಲ್ಲಿನ ಸುಪ್ರೀಂ ಕೋರ್ಟ್ ಹಿಡಿದುಕೊಂಡು ಬಂದಿರುವ ಅಳತೆಗೋಲಿನ ಪ್ರಕಾರ, ತತ್‌ಕ್ಷಣ ಕಾನೂನುಬಾಹಿರ ಕೃತ್ಯಕ್ಕೆ ಪ್ರಚೋದಿಸುವ ಉದ್ದೇಶವೂ ಹಾಗೆ ಆಗುವ ಸಂಭವವೂ ಎರಡೂ ಇದ್ದರೆ ಮಾತ್ರ ಪ್ರಚೋದನೆಯೆಂದು ಮಾತನ್ನು ಶಿಕ್ಷಿಸಬಹುದು. ಆ ಅಳತೆಗೋಲು ರೂಪುಗೊಂಡದ್ದು ಬಿಳಿಯ ಜನಾಂಗವಾದಿಗಳ ಗುಂಪಾದ ಕೂ ಕ್ಲಕ್ಸ್ ಕ್ಲಾನ್‌ನ ನಾಯಕನೊಬ್ಬನ ಭಾಷಣದ ಮೊಕದ್ದಮೆಯಲ್ಲಿ ಎಂಬುದನ್ನು ನೆನೆದರೆ, ಒಂದು ಭಿತ್ತಿಪತ್ರ ಅದರ ಹಿಡಿತಕ್ಕೆ ಸಿಗುವುದು ಎಷ್ಟು ಕಷ್ಟವೆಂದು ಗೊತ್ತಾಗುತ್ತದೆ.

ಸೋತ ಸಂಸ್ಥೆ ಸೆಪ್ಟೆಂಬರ್ 27ರಂದು ನಿಯಮವನ್ನು ತಿದ್ದಿತು. ಅಭಿಪ್ರಾಯ ಸಾರುವ ಜಾಹೀರಾತುಗಳ ಮೇಲೆ, ಇದು ಹಣ ಪಡೆದು ಹಾಕಿದ್ದು, ಇದರಲ್ಲಿರುವ ಅಭಿಪ್ರಾಯಕ್ಕೆ ಸಂಸ್ಥೆಯ ಸಮ್ಮತಿಯಿಲ್ಲ ಎಂಬ ಸೂಚನೆ ಇರಲೇಬೇಕೆಂದಿತು. ಹಿಂಸೆಗೆ ಪ್ರಚೋದಿಸಬಹುದಾದವನ್ನು ನಿರಾಕರಿಸುವ ಅಧಿಕಾರವನ್ನೂ ಇಟ್ಟುಕೊಂಡಿತು. 2014ರಲ್ಲಿ ಅದೇ ಸಂಘಟನೆ, ಯಹೂದಿಗಳನ್ನು ಕೊಲ್ಲುವುದು ಆರಾಧನೆ ಎಂಬ ಸಾಲನ್ನು ಹಮಾಸ್‌ನ ಹೆಸರಿನಲ್ಲಿ ಉಲ್ಲೇಖಿಸುವ ಇನ್ನೊಂದು ಜಾಹೀರಾತನ್ನು ತಂದಾಗ ಈ ಅಧಿಕಾರವನ್ನು ಬಳಸಿತು. 2015ರ ಏಪ್ರಿಲ್‌ನಲ್ಲಿ ನ್ಯಾಯಾಧೀಶ ಜಾನ್ ಕೋಲ್ಟ್ಲ್ ಅದನ್ನೂ ಒಪ್ಪಲಿಲ್ಲ. ಅದೇ ಜಾಹೀರಾತು ಸ್ಯಾನ್‌ಫ್ರಾನ್ಸಿಸ್ಕೊ ಮತ್ತು ಶಿಕಾಗೋದಲ್ಲಿ ಯಾವ ಗಲಭೆಯೂ ಇಲ್ಲದೆ ಓಡಾಡಿದ್ದನ್ನು ಅವರು ಎತ್ತಿ ತೋರಿಸಿದರು. ಅದೇ ತಿಂಗಳ 29ರಂದು ಸಂಸ್ಥೆಯ ಮಂಡಳಿ 9-2 ಮತಗಳಿಂದ ರಾಜಕೀಯ ಜಾಹೀರಾತುಗಳನ್ನೇ ನಿಷೇಧಿಸಿತು. ಆ ನಿಷೇಧದ ಬಳಿಕ, ಮರುವರ್ಷ ಮೇಲ್ಮನವಿ ನ್ಯಾಯಾಲಯದಲ್ಲಿ ಸಂಸ್ಥೆಯೇ ಗೆದ್ದಿತು. ಇಂಥ ನಿಷೇಧಕ್ಕೆ 1974ರ ಒಂದು ತೀರ್ಪಿನ ಆಸರೆಯಿದೆ. ಓಹಾಯೋದ ಒಂದು ಊರು ತನ್ನ ಸಾರಿಗೆ ವಾಹನಗಳಲ್ಲಿ ಚುನಾವಣಾ ಜಾಹೀರಾತು ಹಾಕಲು ನಿರಾಕರಿಸಿದ್ದನ್ನು ಸುಪ್ರೀಂ ಕೋರ್ಟ್ 5-4ರಲ್ಲಿ ಎತ್ತಿಹಿಡಿಯಿತು. ವಾಹನದೊಳಗೆ ಕುಳಿತವನು ಎದ್ದು ಹೋಗಲಾರ, ಅವನನ್ನು ಒತ್ತಾಯದ ಕೇಳುಗನನ್ನಾಗಿ ಮಾಡಬಾರದು ಎಂಬ ವಾದ ಅಲ್ಲಿ ಬಂದಿದೆ. ನಿಮ್ಮ ಸಹೋದ್ಯೋಗಿ ಬೇರೆ ಬಾಗಿಲು ಹುಡುಕಿಕೊಂಡದ್ದನ್ನು ಓದಿದಾಗ ನನಗೆ ನೆನಪಾದದ್ದು ಈ ಮಾತು.

ನನ್ನ ಅಭಿಪ್ರಾಯ ಕೇಳುವಿರಾದರೆ, 2012ರ ತೀರ್ಪು ಅಲ್ಲಿನ ಕಾನೂನಿನ ಪ್ರಕಾರ ಸರಿ. 2015ರ ನಿಷೇಧ ಕಾನೂನುಬದ್ಧ, ಆದರೆ ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಕೆಲಸ. ಅದರ ಮೊದಲ ಪೆಟ್ಟು ಯಾರಿಗೆ ಬಿತ್ತು ನೋಡಿ. ಮುಸ್ಲಿಮರ ಬಗೆಗಿನ ಪೂರ್ವಗ್ರಹವನ್ನು ನಗೆಯಿಂದಲೇ ಕರಗಿಸಲು ಇಬ್ಬರು ಹಾಸ್ಯಕಲಾವಿದರು ತಮ್ಮ ಚಲನಚಿತ್ರಕ್ಕಾಗಿ ಮಾಡಿಸಿದ್ದ ಭಿತ್ತಿಪತ್ರಗಳು ಅಷ್ಟು ಹೊತ್ತಿಗೆ ಅನುಮೋದನೆ ಪಡೆದಿದ್ದವು, ಹೊಸ ನಿಯಮದಡಿಯಲ್ಲಿ ಅವು ರಾಜಕೀಯವೆಂದು ತಿರಸ್ಕೃತವಾದವು. ಅವರೂ ನ್ಯಾಯಾಲಯಕ್ಕೆ ಹೋಗಿ, ತಮ್ಮ ಜಾಹೀರಾತು ರಾಜಕೀಯವಲ್ಲವೆಂದು ವಾದಿಸಿ, 2015ರ ಅಕ್ಟೋಬರ್‌ನಲ್ಲಿ ಗೆಲ್ಲಬೇಕಾಯಿತು.

ಉತ್ತರ: ನ್ಯೂಯಾರ್ಕ್ ನಗರದ ಕ್ವೀನ್ಸ್‌ನ ಗೃಹಿಣಿ

ವಕೀಲರು ಬರೆದದ್ದನ್ನು ಎರಡು ಸಲ ಓದಿದೆ, ತುಂಬ ವಿಷಯ ತಿಳಿಯಿತು. ಆದರೂ ಒಂದು ಮಾತಿಗೆ ನನ್ನ ಮನಸ್ಸು ಒಪ್ಪುತ್ತಿಲ್ಲ. ಗಲಭೆಯಾಗಲಿಲ್ಲ, ಆದ್ದರಿಂದ ಹಾನಿಯಾಗಲಿಲ್ಲ ಎನ್ನುವುದು ಆ ಗೋಡೆಯ ಮುಂದೆ ನಿಲ್ಲಬೇಕಾಗಿ ಬಂದವರ ಲೆಕ್ಕವಲ್ಲ.

ಪ್ರಶ್ನೆ ಕೇಳಿದವರು 'ಅನಾಗರಿಕ' ಎಂಬ ಪದ ಬಳಸಿದ್ದಾರೆ. ಇಂಗ್ಲಿಷಿನಲ್ಲಿ ಅಲ್ಲಿ ಇದ್ದದ್ದು 'ಸ್ಯಾವೇಜ್'. ನಾವು ಕನ್ನಡದಲ್ಲಿ ಬಸ್ಸಿನಲ್ಲಿ ಉಗುಳುವವನನ್ನೂ ಅನಾಗರಿಕ ಎನ್ನುತ್ತೇವೆ, ಆ ಪದದ ಅಂಚು ಮೊಂಡಾಗಿದೆ. 'ಬರ್ಬರ' ಎಂದರೆ ಸ್ವಲ್ಪ ಸಮೀಪ ಬರುತ್ತದೆ. ಮನುಷ್ಯರ ಸಾಲಿನಿಂದಲೇ ಹೊರಗೆ ನಿಲ್ಲಿಸುವ ಪದ ಅದು. ಈ ದೇಶದಲ್ಲಿ ಮೂಲನಿವಾಸಿಗಳ ನೆಲವನ್ನು ಕಿತ್ತುಕೊಳ್ಳುವಾಗ ಅವರಿಗೆ ಹಚ್ಚಿದ ಹೆಸರೂ ಅದೇ. ಹಾಕಿಸಿದವರು ನಾವು ಹೇಳಿದ್ದು ಉಗ್ರರನ್ನು ಮಾತ್ರ ಎಂದು ವಾದಿಸಿದರು. ಆದರೆ ಭಿತ್ತಿಪತ್ರದಲ್ಲಿ ಉಗ್ರ ಸಂಘಟನೆಯೊಂದರ ಹೆಸರೂ ಇರಲಿಲ್ಲ, ಒಂದು ಕೃತ್ಯದ ಉಲ್ಲೇಖವೂ ಇರಲಿಲ್ಲ. ಮುಸ್ಲಿಮರು ತಮ್ಮ ಮನಸ್ಸಿನೊಳಗಿನ ಹೋರಾಟಕ್ಕೂ ಬಳಸುವ 'ಜಿಹಾದ್' ಎಂಬ ಒಂದು ಪದವನ್ನು ಮಾತ್ರ ಎದುರಾಳಿಯ ಜಾಗದಲ್ಲಿ ಇಡಲಾಗಿತ್ತು.

ಆ ವರ್ಷ ನಮಗೆಲ್ಲ ಹೇಗಿತ್ತು ಎಂಬುದನ್ನೂ ಹೇಳಬೇಕು. 2012ರ ಆಗಸ್ಟ್ 5ರಂದು ವಿಸ್ಕಾನ್ಸಿನ್‌ನ ಓಕ್ ಕ್ರೀಕ್ ಗುರುದ್ವಾರದಲ್ಲಿ ಬಿಳಿಯ ಜನಾಂಗವಾದಿಯೊಬ್ಬ ಆರು ಜನರನ್ನು ಗುಂಡಿಟ್ಟು ಕೊಂದಿದ್ದ. ಡಿಸೆಂಬರ್ 27ರಂದು ನಮ್ಮ ಕ್ವೀನ್ಸ್‌ನಲ್ಲಿಯೇ, ಭಾರತದಿಂದ ಬಂದು ಇಲ್ಲಿ ದುಡಿಯುತ್ತಿದ್ದ ಹಿಂದೂ ಒಬ್ಬರನ್ನು ಹೆಂಗಸೊಬ್ಬಳು ಬರುತ್ತಿದ್ದ ರೈಲಿನ ಮುಂದಕ್ಕೆ ತಳ್ಳಿದಳು. 2001ರಿಂದ ತನಗೆ ಹಿಂದೂಗಳನ್ನೂ ಮುಸ್ಲಿಮರನ್ನೂ ಕಂಡರೆ ದ್ವೇಷವೆಂದು ಆಕೆ ಪೊಲೀಸರಿಗೆ ಹೇಳಿದಳು. ಆಕೆ ಮಾನಸಿಕ ಕಾಯಿಲೆಯ ಚಿಕಿತ್ಸೆಯಲ್ಲಿದ್ದವಳು. ಭಿತ್ತಿಪತ್ರವನ್ನು ಓದಿ ಹೀಗೆ ಮಾಡಿದಳು ಎನ್ನಲು ಯಾವ ಆಧಾರವೂ ಇಲ್ಲ, ನಾನೂ ಹಾಗೆ ಹೇಳುವುದಿಲ್ಲ. ನಾನು ಹೇಳುತ್ತಿರುವುದು, ಈ ದ್ವೇಷಕ್ಕೆ ಗುರಿ ಹಿಡಿಯಲು ಬರುವುದಿಲ್ಲ ಎಂಬುದನ್ನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಬೀಳುತ್ತದೆ. ಆ ಚಳಿಗಾಲ ಪೂರ್ತಿ ನಾವು ಪ್ಲಾಟ್‌ಫಾರಂನಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದೆವು. ನಮ್ಮ ಕಟ್ಟಡದ ಬಂಗಾಳಿ, ಪಂಜಾಬಿ, ತೆಲುಗು ಮನೆಗಳವರೂ ಹಾಗೆಯೇ. ಕೊರಳಲ್ಲಿ ಯಾವ ತಾಯಿತ ಇದೆ ಎಂದು ತಳ್ಳುವವರು ಕೇಳುವುದಿಲ್ಲ.

ಇಷ್ಟಾದರೂ ಗೋಡೆ ಮುಚ್ಚಿದ್ದು ಸರಿಯೆಂದು ನಾನು ಹೇಳಲಾರೆ, ಏಕೆಂದರೆ ಉತ್ತರವೂ ಆ ಗೋಡೆಯ ಮೇಲೆಯೇ ಬಂದಿತ್ತು. ಯಹೂದಿ ಧರ್ಮಗುರುಗಳ ಮಾನವ ಹಕ್ಕು ಸಂಘಟನೆಯೊಂದು, ಪ್ರೀತಿ ಮತ್ತು ದ್ವೇಷಗಳ ನಡುವೆ ಪ್ರೀತಿಯನ್ನು ಆರಿಸಿಕೊಳ್ಳಿ, ನಮ್ಮ ಮುಸ್ಲಿಂ ನೆರೆಯವರ ವಿರುದ್ಧದ ಮತಾಂಧತೆಯನ್ನು ತಡೆಯಲು ನೆರವಾಗಿ ಎಂಬ ಅರ್ಥದ ಜಾಹೀರಾತನ್ನು ತನ್ನ ಹಣದಿಂದಲೇ ಹಾಕಿಸಿತು. ಕ್ರೈಸ್ತ ಸಂಘಟನೆಗಳೂ ಹಾಗೆಯೇ ಮಾಡಿದವು. ಮೋನಾ ಎಲ್ಟಹಾವಿ ಎಂಬ ಈಜಿಪ್ಟ್ ಮೂಲದ ಪತ್ರಕರ್ತೆ ಟೈಮ್ಸ್ ಸ್ಕ್ವೇರ್ ನಿಲ್ದಾಣದಲ್ಲಿ ಆ ಭಿತ್ತಿಪತ್ರಕ್ಕೆ ಗುಲಾಬಿ ಬಣ್ಣ ಎರಚಿ ಬಂಧನಕ್ಕೆ ಒಳಗಾದದ್ದು ಎಲ್ಲ ಕಡೆ ಸುದ್ದಿಯಾಯಿತು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ನನಗೆ ನೆನಪಿನಲ್ಲಿ ಉಳಿದದ್ದು ಆ ಬಣ್ಣವಲ್ಲ, ಪಕ್ಕದಲ್ಲಿ ಬಂದು ಕೂತ ಎರಡನೆಯ ಕಾಗದ. ಸ್ಯಾನ್‌ಫ್ರಾನ್ಸಿಸ್ಕೊದ ಸಾರಿಗೆ ಸಂಸ್ಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಆ ಜಾಹೀರಾತನ್ನು ತೆಗೆಯದೆಯೇ ಅದರ ಪಕ್ಕದಲ್ಲಿ ಬಾಣದ ಗುರುತಿಟ್ಟು, ಯಾವುದೇ ಗುಂಪನ್ನು ಹೀಗೆ ಕರೆಯುವುದನ್ನು ತಾನು ಖಂಡಿಸುವುದಾಗಿ ತನ್ನದೇ ಹೆಸರಿನಲ್ಲಿ ಬರೆಯಿತು. ಮುಂದಿನ ಜಾಹೀರಾತುಗಳಿಂದ ಬಂದ ಹಣವನ್ನು ನಗರದ ಮಾನವ ಹಕ್ಕು ಆಯೋಗಕ್ಕೆ ಕೊಟ್ಟಿತು. ಸಮ್ಮತಿಯಿಲ್ಲ ಎನ್ನುವುದಕ್ಕೂ ಖಂಡಿಸುತ್ತೇವೆ ಎನ್ನುವುದಕ್ಕೂ ಎಷ್ಟು ದೂರವಿದೆ ನೋಡಿ.

ಉತ್ತರ: ನಿವೃತ್ತ ಎಂಜಿನಿಯರ್, ಕನೆಕ್ಟಿಕಟ್

ಅಮ್ಮಾ, ನೀವು ಬರೆದ ಭಯ ನಿಜ, ಅದನ್ನು ನಾನೂ ಕಂಡಿದ್ದೇನೆ. ಆದರೆ ಈ ಚರ್ಚೆಯಲ್ಲಿ ಇನ್ನೊಂದು ಬದಿಯೂ ದಾಖಲಾಗಲಿ.

2001ರ ಸೆಪ್ಟೆಂಬರ್ 11ರಂದು ನಾನು ಕೆಳ ಮ್ಯಾನ್‌ಹಟನ್‌ನಿಂದ ಬೂದಿ ಮೆತ್ತಿದ ಬೂಟಿನಲ್ಲಿ ಬ್ರೂಕ್ಲಿನ್ ಸೇತುವೆ ದಾಟಿ ನಡೆದವನು. ಸುಮಾರು ಮೂರು ಸಾವಿರ ಜನ ಸತ್ತ ಆ ದಿನದ ಹಿಂದೆ ಒಂದು ಧಾರ್ಮಿಕ ಉಗ್ರವಾದ ಇತ್ತು. ಅದನ್ನು ಅದರ ಹೆಸರಿನಿಂದ ಕರೆಯುವ ಹಕ್ಕು ಸಾರ್ವಜನಿಕರಿಗೆ ಬೇಕು. ಆ ಹಕ್ಕನ್ನು ಹಿಡಿದುಕೊಂಡವರಲ್ಲಿ ಕೆಲವರ ಭಾಷೆ ಕೊಳಕಾಗಿರುತ್ತದೆ ಎಂಬ ಕಾರಣಕ್ಕೆ ಹಕ್ಕನ್ನೇ ಮೊಟಕು ಮಾಡಿದರೆ, ನಾಳೆ ನೆಟ್ಟಗೆ ಮಾತನಾಡುವವರ ಬಾಯಿಗೂ ಬೀಗ ಬೀಳುತ್ತದೆ.

ಇದು ಬರೀ ಊಹೆಯಲ್ಲ. 2013ರಲ್ಲಿ ಸಿಯಾಟಲ್‌ನ ಬಸ್ಸುಗಳ ಮೇಲೆ ಅಮೆರಿಕ ಸರ್ಕಾರವೇ, ಬಹುಮಾನ ಘೋಷಿಸಿ ಹುಡುಕುತ್ತಿದ್ದ ಭಯೋತ್ಪಾದಕರ ಭಾವಚಿತ್ರಗಳ ಜಾಹೀರಾತನ್ನು ಹಾಕಿತ್ತು. ಒಂದು ಸಮುದಾಯವನ್ನು ಒಂದೇ ಅಚ್ಚಿನಲ್ಲಿ ತೋರಿಸುತ್ತದೆ ಎಂಬ ಆಕ್ಷೇಪ ಬಂದಾಗ ಸರ್ಕಾರವೇ ಅದನ್ನು ಹಿಂತೆಗೆದುಕೊಂಡಿತು. ಆಮೇಲೆ ಗೆಲ್ಲರ್ ಅವರ ಸಂಘಟನೆ ಹೆಚ್ಚು ಕಡಿಮೆ ಅದೇ ಚಿತ್ರಗಳೊಡನೆ ಅರ್ಜಿ ಹಾಕಿದಾಗ ಸ್ಥಳೀಯ ಸಾರಿಗೆ ಇಲಾಖೆ ನಿರಾಕರಿಸಿತು. ಹೀನಾಯವಾದ ಮಾತು ಎಂದು ನಿರಾಕರಿಸುವುದು ನಿಲುವಿನ ಆಧಾರದ ತಾರತಮ್ಯವಾಗುತ್ತದೆಂದು 2018ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ನಾನು ಅದನ್ನು ಒಪ್ಪುತ್ತೇನೆ. ಇಷ್ಟು ಹೇಳಿದ ಮೇಲೆ ಇದನ್ನೂ ಹೇಳುತ್ತೇನೆ: 2012ರ ಭಿತ್ತಿಪತ್ರ ಉಗ್ರವಾದದ ವಿರುದ್ಧ ನನ್ನಂಥವನ ಕೈಗೆ ಒಂದು ವಾದವನ್ನೂ ಕೊಡಲಿಲ್ಲ. ಉಗ್ರರಿಗೆ ಹೆಚ್ಚು ಬಲಿಯಾದವರು ಇರಾಕ್, ಪಾಕಿಸ್ತಾನ, ಅಫ್ಘಾನಿಸ್ತಾನಗಳ ಸಾಮಾನ್ಯ ಮುಸ್ಲಿಮರು. ಅವರನ್ನೇ ಎದುರಿನ ಸಾಲಿಗೆ ತಳ್ಳುವ ಜಾಹೀರಾತು ಯಾರನ್ನು ಸೋಲಿಸೀತು?

ಉತ್ತರ: ಬೆಂಗಳೂರಿನ ಪತ್ರಕರ್ತೆ

ನಮ್ಮ ಕಡೆಯ ಸ್ಥಿತಿಯನ್ನು ಸಂಕ್ಷೇಪವಾಗಿ ಹೇಳುತ್ತೇನೆ, ಹೋಲಿಕೆಗೆ ಬೇಕಾದೀತು. ಭಾರತದಲ್ಲಿ ಆ ಭಿತ್ತಿಪತ್ರ ನ್ಯಾಯಾಲಯದ ಮೆಟ್ಟಿಲು ಹತ್ತುವ ಮೊದಲೇ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುತ್ತಿತ್ತು. ಸಂವಿಧಾನದ 19(2)ನೆಯ ವಿಧಿ ಸಾರ್ವಜನಿಕ ಸುವ್ಯವಸ್ಥೆಗಾಗಿ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಸಮಂಜಸ ನಿರ್ಬಂಧ ಹೇರಲು ಅವಕಾಶ ಕೊಡುತ್ತದೆ. ಗುಂಪುಗಳ ನಡುವೆ ದ್ವೇಷ ಹರಡುವುದಕ್ಕೂ, ಧಾರ್ಮಿಕ ಭಾವನೆಗಳನ್ನು ಉದ್ದೇಶಪೂರ್ವಕವಾಗಿ ಕೆರಳಿಸುವುದಕ್ಕೂ ಹಿಂದೆ ದಂಡ ಸಂಹಿತೆಯ 153ಎ ಮತ್ತು 295ಎ ಕಲಮುಗಳಿದ್ದವು, 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯ 196 ಮತ್ತು 299 ಇವೆ. 295ಎ ಸಿಂಧುವೆಂದು ಸುಪ್ರೀಂ ಕೋರ್ಟ್ 1957ರಲ್ಲಿಯೇ ಹೇಳಿದೆ.

ಆದರೆ ಕಾನೂನು ಇದ್ದ ಮಾತ್ರಕ್ಕೆ ಮಾತು ಸಮಯಕ್ಕೆ ಸರಿಯಾಗಿ ನಿಲ್ಲುತ್ತದೆ ಎಂದುಕೊಳ್ಳಬೇಡಿ. 2024ರ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕ ಬಿಜೆಪಿಯ ಖಾತೆಯಿಂದ ಒಂದು ಅನಿಮೇಷನ್ ವಿಡಿಯೊ ಬಂತು. ಅದರ ವಿಷಯ ಉಗ್ರವಾದವಲ್ಲ, ಮೀಸಲಾತಿ. ಗೂಡಿನಲ್ಲಿ ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗಗಳ ಮೊಟ್ಟೆಗಳ ಪಕ್ಕ ಮುಸ್ಲಿಮರ ಮೊಟ್ಟೆಯನ್ನು ಇಟ್ಟು, ಒಡೆದು ಬಂದ ಆ ಮರಿ ಉಳಿದವನ್ನು ಹೊರಗೆ ತಳ್ಳುವಂತೆ ಅದರಲ್ಲಿ ತೋರಿಸಲಾಗಿತ್ತು. ದೂರು ಹೋಯಿತು, ಎಫ್‌ಐಆರ್ ಆಯಿತು. ಅದನ್ನು ತೆಗೆದುಹಾಕುವಂತೆ ಚುನಾವಣಾ ಆಯೋಗ ಎಕ್ಸ್ ಸಂಸ್ಥೆಗೆ ಸೂಚಿಸಿದ್ದು ಮೇ 7ರಂದು. ಅಂದೇ ಕರ್ನಾಟಕದ 14 ಕ್ಷೇತ್ರಗಳಲ್ಲಿ ಮತದಾನ ನಡೆಯುತ್ತಿತ್ತು. ಸರತಿ ಸಾಲಿನಲ್ಲಿ ನಿಂತವರ ಮೊಬೈಲಿಗೆ ಆ ವಿಡಿಯೊ ಅಷ್ಟರಲ್ಲಿ ತಲುಪಿಯಾಗಿತ್ತು. ಅಲ್ಲಿ ಸಬ್‌ವೇಯ ಗೋಡೆಯಾದರೂ ಒಂದು ಕಡೆ ನಿಂತಿರುತ್ತದೆ, ಪಕ್ಕದಲ್ಲಿ ಇನ್ನೊಂದು ಕಾಗದ ಅಂಟಿಸಬಹುದು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆ ಪಕ್ಕದ ಜಾಗ ಎಲ್ಲಿದೆ ಎಂಬುದು ನನ್ನನ್ನು ಹೆಚ್ಚು ಕಾಡುವ ಪ್ರಶ್ನೆ.

ಮೂಲ ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ನಿಮ್ಮ ಉತ್ತರಗಳನ್ನು ಓದಿದ ಮೇಲೆ ನಿನ್ನೆ ರಾತ್ರಿ ಭಟ್ಕಳದ ಆ ಗೆಳೆಯರಿಗೆ ಫೋನ್ ಮಾಡಿದೆ. ಅವರು ಈಗ ಟೆಕ್ಸಸ್‌ನಲ್ಲಿದ್ದಾರೆ. ಈ ವಿಷಯವನ್ನು ನಾವಿಬ್ಬರೂ ಬಾಯಿ ಬಿಟ್ಟು ಮಾತನಾಡಿದ್ದು ಇದೇ ಮೊದಲು.

ಭಿತ್ತಿಪತ್ರವನ್ನು ನ್ಯಾಯಾಲಯ ತಡೆಯಬೇಕಿತ್ತೇ ಎಂದು ಕೇಳಿದೆ. ತಡೆಯಬೇಕಿತ್ತು ಎಂದು ತಮಗೆ ಆಗಲೂ ಅನ್ನಿಸಿರಲಿಲ್ಲ, ಈ ದೇಶದಲ್ಲಿ ತಾನು ಮಸೀದಿಗೆ ಧೈರ್ಯವಾಗಿ ಹೋಗುವುದೂ ಅದೇ ತಿದ್ದುಪಡಿಯ ಬಲದಿಂದಲೇ ಅಲ್ಲವೇ ಎಂದರು. ಯಹೂದಿ ಧರ್ಮಗುರುಗಳ ಜಾಹೀರಾತು ಅವರಿಗೆ ಚೆನ್ನಾಗಿ ನೆನಪಿದೆ, ಅದರ ಫೋಟೊ ತೆಗೆದು ಊರಿಗೆ, ತಮ್ಮ ತಾಯಿಗೆ ಕಳುಹಿಸಿದ್ದರಂತೆ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ವಾರ ಪೂರ್ತಿ ಮಧ್ಯಾಹ್ನದ ಊಟಕ್ಕೆ ಒಂದೇ ಮೇಜಿಗೆ ಕೂರುತ್ತಿದ್ದ ನಾವು ಆರು ಮಂದಿಯಲ್ಲಿ ಒಬ್ಬರೂ ಅದರ ಬಗ್ಗೆ ತಮ್ಮನ್ನು ಒಂದು ಮಾತು ಕೇಳಲಿಲ್ಲ ಎಂದರು. ಆ ಆರು ಮಂದಿಯಲ್ಲಿ ನಾನೂ ಇದ್ದೆ.